ಮೀಟರಿಗೆ ಲೆಕ್ಕ ಕೇಳೋದು

ಹೋದ ಬ್ಯಾಸಿಗ್ಯಾಗ ನಮ್ಮ ಹಿಂದಿನ ಮನಿ ಬಾಡಿಗಿ ಹುಡುಗಿ ಕರೆಂಟ್ ಬಿಲ್ ಕೈಯಾಗ ಹಿಡಕೊಂಡು ಸೀದಾ ನಮ್ಮ ಅಡಗಿಮನಿಗೇ ಬಂದು ನಿಂತ್ಲು. ಎರಡು ಖೋಲಿ, ಎರಡು ಫ್ಯಾನು, ಒಂದು ಫ್ರಿಜ್, ಅಷ್ಟ ಆಕಿ ಸಂಸಾರ. 2023ರ ಆಗಸ್ಟಿನ್ಯಾಗ ಗೃಹಜ್ಯೋತಿ ಬಂದಾಗಿನಿಂದ ಆಕಿಗೆ ಶೂನ್ಯ ಬಿಲ್ ಬರ್ತಿತ್ತು. ಈ ಸರತಿ 200 ಯುನಿಟ್ ದಾಟಿತ್ತು. ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕಲ್ಲ? ಮಾಲಕರಿಗೆ ಹೇಳಿದ್ರ, "ನೀನ ಉರಿಸಿರ್ತೀ, ಮೀಟರ್ ಏನು ಸುಳ್ಳು ಹೇಳ್ತದೇನು?" ಅಂದ್ರಂತ. ಹುಡುಗಿ ಕಣ್ಣಾಗ ನೀರು. "ವೈನಿ, ಮೀಟರಿಗೆ ನಾವು ತಿರುಗಿ ಲೆಕ್ಕ ಕೇಳ್ಲಿಕ್ಕೆ ಬರ್ತದೇನ್ರಿ?" ಅಂದ್ಲು.

ಬರ್ತದ. ಆದ್ರ ಮೊದಲಿಗೆ ಹಂಗ ಇರಲಿಲ್ಲ. ಆ ಹಳೇ ಕಥಿ ಮೊದಲ ಹೇಳ್ತೇನಿ, ಆಮ್ಯಾಲೆ ಹುಡುಗಿದ್ದು.

1882ರ ಸೆಪ್ಟೆಂಬರ್ 4ಕ್ಕ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನ್ಯಾಗ ಎಡಿಸನ್ ವಿದ್ಯುತ್ ಕೇಂದ್ರ ಚಾಲೂ ಮಾಡಿದ. ದೀಪ ಹತ್ತಿದ್ವು, ಖರೆ. ಆದ್ರ ಯಾರು ಎಷ್ಟು ಉರಿಸಿದ್ರು ಅಂತ ಅಳಿಯೋದು ಹೆಂಗ? ಕರೆಂಟೇನು ಸೇರಿನ್ಯಾಗ ತುಂಬಿ ಕೊಡೋ ಜೋಳಾನ? ಅದಕ್ಕ ಆಂವಾ ಒಂದು ಗಾಜಿನ ಜಾಡಿ ಮಾಡಿದ. ಅದರಾಗ ಸತುವಿನ ಉಪ್ಪು ಕರಗಿಸಿದ ನೀರು, ಎರಡು ಸತುವಿನ ಪಟ್ಟಿ. ಕರೆಂಟ್ ಹರದಷ್ಟು ಒಂದು ಪಟ್ಟಿಯ ಸತುವು ಬಿಟ್ಟು ಇನ್ನೊಂದಕ್ಕ ಹೋಗಿ ಹತ್ತತಿತ್ತು, ನಮ್ಮ ಓಲಿಗೆ ಬಂಗಾರದ ನೀರು ಹಾಕಸ್ತೇವಲ್ಲ, ಆ ಥರ. ತಿಂಗಳಿಗೊಮ್ಮೆ ಕಂಪನಿಯವರು ಬಂದು ಪಟ್ಟಿ ಬಿಚ್ಚಿಕೊಂಡು ಹೋಗಿ, ತೂಕಾ ಮಾಡಿ ಬಿಲ್ ಬರೀತಿದ್ರು. ಥಂಡಿಗೆ ಜಾಡಿ ನೀರು ಗಡ್ಡಿ ಕಟ್ಟಬಾರದಂತ ಪೆಟಗಿ ಒಳಗ ಒಂದು ದೀಪಾನೂ ಇಟ್ಟಿದ್ರು. ಥಂಡಿ ಹೆಚ್ಚಾದ್ರ ಅದು ತಾನ ಹತ್ತತಿತ್ತು.

ಜಾಣತನಾ ಎಲ್ಲಾ ಖರೆ, ಆದ್ರ ಮನಿಯಾಕಿಗೆ ಏನು ಕಂಡಂಗಾತು? ಗೌಳಿ ತನ್ನ ಮನ್ಯಾಗ ಹಾಲು ಅಳದು ಬಂದು "ಅವ್ವಾರ, ಇಷ್ಟಾತು" ಅಂದಂಗ. ತಕ್ಕಡಿ ಅವರ ಕೈಯಾಗ, ರೊಕ್ಕ ನಮ್ಮ ಕೈಯಿಂದ.

ಆಮ್ಯಾಲೆ ಎಸಿ ಕರೆಂಟ್ ಬಂತು. ಅದು ಹಿಂದಮುಂದ ಹರಿಯೋ ಕರೆಂಟು, ಸತುವು ಹೋದಷ್ಟು ತಿರುಗಿ ಬರ್ತದ, ಜಾಡಿ ಉಪಯೋಗ ಇಲ್ಲ. ಇಟಲಿಯ ತುರಿನ್ ಊರಾಗ ಗೆಲಿಲಿಯೋ ಫೆರಾರಿಸ್ ಅನ್ನೋರು 1885ರಾಗ ಒಂದು ವಿಚಿತ್ರ ತೋರಿಸಿದ್ರು. ಒಂದಕ್ಕೊಂದು ಹೆಜ್ಜಿ ತಪ್ಪಿ ನಡಿಯೋ ಎರಡು ಎಸಿ ಕರೆಂಟ್ ಸುರುಳ್ಯಾಗ ಹರಿಸಿದ್ರ, ನಡುವಿನ ಲೋಹ ಯಾರೂ ಮುಟ್ಟಲಾರದ ತಿರುಗ್ತದ! 1888ರಾಗ ಅಮೇರಿಕಾದ ಆಲಿವರ್ ಶಾಲೆನ್‌ಬರ್ಗರ್ ಒಂದು ದೀಪ ದುರುಸ್ತಿ ನೋಡೋ ಮುಂದ, ಕಳಚಿ ಬಿದ್ದ ಒಂದು ಸಣ್ಣ ಸ್ಪ್ರಿಂಗ್ ತಾನ ತಿರುಗೋದನ್ನ ಕಂಡು ಅದರ ಮ್ಯಾಲೆ ಮೀಟರ್ ಮಾಡಿದ್ರು. ಆದ್ರ ಅದು ಬರೇ ಎಷ್ಟು ಕರೆಂಟ್ ಹರೀತು ಅಂತ ಅಷ್ಟ ಹೇಳ್ತಿತ್ತು, ಎಷ್ಟು ಒತ್ತಡದಾಗ ಹರೀತು ಅಂತ ಹೇಳ್ತಿರಲಿಲ್ಲ. 1889ರಾಗ ಹಂಗೇರಿಯ ಗಾಂಜ್ ಕಾರಖಾನಿಯ ಓಟೋ ಬ್ಲಾತಿ ಎರಡನ್ನೂ ಕೂಡಿಸಿ ಅಳಿಯೋ ಮೀಟರ್ ಮಾಡಿದ್ರು. ತೂಕಾ ಬರೋಬ್ಬರಿ 23 ಕಿಲೋ, ಗ್ವಾಡಿಗೆ ಹಾಕಬೇಕಂದ್ರ ಇಬ್ಬರು ಬೇಕು!

ನಾವು ಸಣ್ಣವರಿದ್ದಾಗ ಪಡಸಾಲಿ ಗ್ವಾಡಿ ಮ್ಯಾಲೆ ಇದ್ದ ಕರೀ ಪೆಟಗಿ ಆ ಮೀಟರಿನ ಮರಿಮಗಳು. ನಮ್ಮ ರಾಜ್ಯದಾಗ 1902ಕ್ಕ ಶಿವನಸಮುದ್ರದ ಕರೆಂಟ್ ಕೋಲಾರದ ಬಂಗಾರದ ಗಣಿಗೆ ಹೋತು, 1905ಕ್ಕ ಬೆಂಗಳೂರಿನ ಬೀದಿಗೆ ದೀಪ ಬಂದ್ವು. ನಮ್ಮ ಓಣಿಗೆ ಬರಲಿಕ್ಕೆ ಇನ್ನೂ ಭಾಳ ವರ್ಷ ಹಿಡೀತು ಅನ್ರಿ. ಗಾಜಿನ ಹಿಂದ ತಿರುಗೋ ಅಲ್ಯುಮಿನಿಯಂ ಗಾಲಿ, ಅದರ ಅಂಚಿಗೆ ಒಂದು ಗುರುತು. ಗಾಲಿ ಹುಚ್ಚುಚ್ಚಾಗಿ ಓಡಬಾರದಂತ ಮಗ್ಗಲಕ್ಕ ಒಂದು ಲೋಹಚುಂಬಕದ ಬ್ರೇಕು.

ಮೀಟರಿನ ಮ್ಯಾಲೆ "600 ಸುತ್ತು ಅಂದ್ರ 1 ಯುನಿಟ್" ಅನ್ನೋ ಅರ್ಥದ ಇಂಗ್ಲಿಷ್ ಬರಹ ಇರ್ತಿತ್ತು. ನಮ್ಮವ್ವಗ ಇಂಗ್ಲಿಷ್ ಬರ್ತಿರಲಿಲ್ಲ, ಲೆಕ್ಕ ಬರ್ತಿತ್ತು. 100 ವ್ಯಾಟಿನ ಒಂದು ಬಲ್ಬ್ 10 ತಾಸು ಉರಿದ್ರ 1 ಯುನಿಟ್, ಅಂದ್ರ ತಾಸಿಗೆ 60 ಸುತ್ತು, ನಿಮಿಷಕ್ಕ ಒಂದು. ಬಾಕಿ ಎಲ್ಲಾ ಆರಿಸಿ, ಒಂದು ಬಲ್ಬ್ ಹಚ್ಚಿ, ಗಡಿಯಾರ ನೋಡಿಕೋತ ಮೀಟರಿನ ಮುಂದ ಸ್ಟೂಲ್ ಹಾಕಿಕೊಂಡು ಕೂಡ್ತಿದ್ಲು. ತಕ್ಕಡಿ ನಮ್ಮ ಪಡಸಾಲ್ಯಾಗ ಬಂದಿತ್ತು, ನೋಡ್ರಿ.

ಈಗಿನ ಮೀಟರಿನ್ಯಾಗ ಗಾಲಿ ಇಲ್ಲ, ಕೆಂಪು ದೀಪ ಮಿಣಕ್ತದ. ಮ್ಯಾಲೆ 3200 ಅಂತ ಬರದಿದ್ರ 3200 ಸರತಿ ಮಿಣಕಿದ್ರ 1 ಯುನಿಟ್. ಅದ 100 ವ್ಯಾಟಿನ ಬಲ್ಬಿಗೆ 10 ನಿಮಿಷಕ್ಕ ಸುಮಾರು 53 ಸರತಿ. ನಿಮ್ಮ ಮೀಟರಿನ ಮ್ಯಾಲೆ ಬ್ಯಾರೆ ಸಂಖ್ಯಾ ಇದ್ದೀತು, ನೋಡಿಕೊಂಡು ಲೆಕ್ಕಾ ಹಾಕ್ರಿ.

ಈಗ ಹುಡುಗಿ ಕಥಿ. ಮೊದಲ ಬಿಲ್ಲಿನ ಅಂಕಿ ಮತ್ತ ಮೀಟರಿನ ಅಂಕಿ ಕೂಡಿಸಿ ನೋಡಿದ್ವಿ. ಪರದೆ ಮ್ಯಾಲೆ ತಾರೀಖು, ವೋಲ್ಟೇಜು ಒಂದಾದ ಮ್ಯಾಲೊಂದು ಬರ್ತಾವ. ಕೆಡಬ್ಲ್ಯೂಎಚ್ ಅಂತ ಬಂದದ್ದು ಅಷ್ಟ ಯುನಿಟ್ಟು. ಹಳೇ ಗಾಲಿ ಮೀಟರಿನ್ಯಾಗ ಕಡೀ ಕೆಂಪು ಅಂಕಿ ಯುನಿಟ್ಟಿನ ಹತ್ತನೇ ಪಾಲು. ಅದನ್ನೂ ಯುನಿಟ್ ಅಂತ ಓದಿದ್ರ ಬಿಲ್ ಹತ್ತು ಪಟ್ಟು! ಇಲ್ಲಿ ಅಂಕಿ ಸರಿ ಇತ್ತು.

ಆಮ್ಯಾಲೆ ಮನಿ ಎಲ್ಲಾ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತಿ, ಕಡೀಗೆ ಮೇನ್ ಸ್ವಿಚ್ಚೂ ಆರಿಸಿದ್ವಿ. ಮೇನ್ ಚಾಲೂ ಇದ್ದಾಗ ಅಷ್ಟ ದೀಪ ಮಿಣಕಿದ್ರ ಮನಿ ಒಳಗಿನ ವೈರಿನ್ಯಾಗ ಕರೆಂಟ್ ಸೋರ್ತಿರ್ತದ. ಮೇನ್ ಆರಿಸಿದ ಮ್ಯಾಲೂ ಮಿಣಕಿದ್ರ ಒಂದೋ ಮೀಟರ್ ಕೆಟ್ಟದ, ಇಲ್ಲಾ ನಡುವ ಯಾರದೋ ವೈರ್ ಕೂತದ. (ಹಳೇ ಗಾಲಿ ಇದ್ರ ಒಂಚೂರು ಸರದು ನಿಂತ್ರ ಚಿಂತಿಲ್ಲ, ಪೂರಾ ಸುತ್ತು ತಿರುಗಬಾರದು.)

ಹುಡುಗಿ ಮೀಟರ್ ಸುಮ್ಮನಾತು. ಹತ್ತು ನಿಮಿಷ ಕಾದ್ವಿ. ಅಷ್ಟರಾಗ ಮ್ಯಾಲಿನ ಮನಿಯವರು ನೀರಿನ ಮೋಟರ್ ಹಚ್ಚಿದ್ರು. ಕೆಂಪು ದೀಪ ಪಟಪಟ ಮಿಣಕಲಿಕ್ಕೆ ಹತ್ತಿತು!

ಹಿಂದಿನ ತಿಂಗಳ ಹೊಸಾ ಮೋಟರ್ ಕೂಡಸೋ ಮುಂದ, ಹತ್ತಿರ ಇತ್ತಂತ ಅದರ ವೈರ್ ಈಕಿ ಮೀಟರಿಗೆ ಹಚ್ಚಿಬಿಟ್ಟಿದ್ರು. ಮಾಲಕರನ್ನ ಕರದು ಮೋಟರ್ ಹಚ್ಚಿ, ಆರಿಸಿ, ಎರಡು ಸರತಿ ತೋರಿಸಿದ್ವಿ. ಮಾತಾಡಲಿಲ್ಲ. ಮರುದಿನ ಎಲೆಕ್ಟ್ರಿಷಿಯನ್ ಬಂದು ವೈರ್ ಬದಲಿ ಮಾಡಿದ, ಬಿಲ್ಲಿನ ರೊಕ್ಕ ಬಾಡಿಗ್ಯಾಗ ಮುರಕೊಂಡ್ರು.

ಮೀಟರಿನ ಸೀಲ್ ಮಾತ್ರ ನೀವು ಮುಟ್ಟಬ್ಯಾಡ್ರಿ, ವೈರಿಗೂ ಕೈ ಹಚ್ಚಬ್ಯಾಡ್ರಿ. ಮೀಟರ್ ಮ್ಯಾಲೇ ಸಂಶಯ ಇದ್ರ ಅರ್ಜಿ ಕೊಟ್ಟು, ಫೀ ಕಟ್ಟಿ ಪರೀಕ್ಷೆ ಮಾಡಿಸಲಿಕ್ಕೆ ಬರ್ತದ. ಆದ್ರ ಅದಕ್ಕೂ ಮೊದಲ, ನಮ್ಮವ್ವನಂಗ ಒಂದು ಸ್ಟೂಲ್ ಹಾಕಿಕೊಂಡು ಕೂಡ್ರಿ. ಮಾಲಕರು ಅಂದದ್ದು ಖರೆ ಇತ್ತು, ಮೀಟರ್ ಸುಳ್ಳು ಹೇಳಿರಲಿಲ್ಲ. ಅದನ್ನ ಕೇಳೋರು ಯಾರೂ ಇರಲಿಲ್ಲ, ಅಷ್ಟ.