ಹೊಳೆ ಗೋಡು ಹೊಲಕ್ಕೆ ಹೊಡಿಸೋ ಮುಂಚೆ: ಬಸವನಗುಡಿಯಿಂದ ಬೈರಮಂಗಲದವರೆಗೆ

ಹೋದ ಭಾನುವಾರ ನಮ್ಮೂರಿನ ಹಿರಿಯರೊಬ್ಬರು ತೋಟದ ಹತ್ರ ಬಂದಿದ್ರು. "ಹೊಳೆ ಪಕ್ಕ ತೆಗೆದ ಗೋಡು ಪುಕ್ಕಟೆ ಸಿಗ್ತದಂತೆ ಕಣಪ್ಪ, ಟ್ರ್ಯಾಕ್ಟರ್ ಬಾಡಿಗೆ ಕೊಟ್ರೆ ಸಾಕಂತೆ. ಕಡಲೆಕಾಯಿ ಹಾಕೋ ಹೊಲಕ್ಕೆ ಹತ್ತು ಲೋಡ್ ಹೊಡಿಸ್ಲಾ?" ಅಂದ್ರು. ನನಗೆ ತಕ್ಷಣ ಉತ್ತರ ಹೇಳೋಕೆ ಆಗಲಿಲ್ಲ.

ಗೋಡು ಹೊಡೆದ ಹೊಲ ಎರಡು ಮೂರು ವರ್ಷ ಗೊಬ್ಬರ ಕೇಳಲ್ಲ ಅಂತ ನಮ್ಮ ಅಜ್ಜಂದಿರು ಹೇಳ್ತಿದ್ದದ್ದು ಸುಳ್ಳಲ್ಲ. ಆದರೆ ಅದು ಅವರ ಕಾಲದ ಗೋಡಿನ ಮಾತು. ನಮ್ಮ ಕಡೆ ಗೋಡು ಬರೋದು ವೃಷಭಾವತಿಯಿಂದ. ಆ ಹೊಳೆಗೆ ಏನೇನಾಯ್ತು ಅಂತ ತಲೆಯಿಂದ ಕೆಳಗೆ ನೋಡಿಕೊಂಡು ಬಂದರೆ ಉತ್ತರ ತಾನಾಗೇ ಸಿಗ್ತದೆ. ಸ್ವಲ್ಪ ಉದ್ದ ಇದೆ, ಹಾಲು ಕರೆದು ಮುಗಿಸಿ ನಿಧಾನಕ್ಕೆ ಓದಿ.

ಹೊಳೆಯ ತಲೆ

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಈ ಹೊಳೆ ಹುಟ್ತದೆ ಅನ್ನೋದು ಹಳೇ ನಂಬಿಕೆ. ವೃಷಭ ಅಂದ್ರೆ ಬಸವ, ಅದಕ್ಕೇ ವೃಷಭಾವತಿ. ಮಲ್ಲೇಶ್ವರದವರನ್ನ ಕೇಳಿದ್ರೆ ಕಾಡು ಮಲ್ಲೇಶ್ವರನ ಗುಡಿ ಎದುರಿನ ನಂದಿತೀರ್ಥವೇ ಮೂಲ ಅಂತಾರೆ. ಎರಡು ಕಡೆಯೂ ಬಸವಣ್ಣನೇ. ಆ ಇಳಿಜಾರುಗಳ ನೀರೆಲ್ಲ ಸೇರಿ ಮೈಸೂರು ರಸ್ತೆ ಪಕ್ಕ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ರ ಬೈರಮಂಗಲದ ಕೆರೆಗೆ ಬಂದು, ಮುಂದೆ ಅರ್ಕಾವತಿ ಸೇರಿ ಕಾವೇರಿಗೆ ಹೋಗ್ತದೆ.

ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ನಿಮಗೆಲ್ಲ ಗೊತ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಇವತ್ತು ಬಸ್ ಬೋರ್ಡಿನ ಮೇಲಿನ ಹೆಸರುಗಳು. ಕತೆಯಲ್ಲಿ ಇವೇ ಕಡಲೆಕಾಯಿ ಬೆಳೀತಿದ್ದ ಹಳ್ಳಿಗಳು. ರಾತ್ರಿ ಬಸವ ಬಂದು ಬೆಳೆ ಮೇಯ್ದು ಹೋಗ್ತಿತ್ತು, ರೈತರು ಮೊದಲ ಫಸಲು ನಿನಗೇ ಕೊಡ್ತೀವಿ ಅಂತ ಹರಕೆ ಹೊತ್ತರು ಅಂತಾರೆ. ಕೆಂಪು ಮಸಾರಿ ಭೂಮೀಲಿ ಕಡಲೆಕಾಯಿ ಬರೋದಕ್ಕೆ ಒಂದು ದೊಡ್ಡ ಕಾರಣ ಅದರ ಬೇರುಗಂಟು. ಗಂಟಿನೊಳಗಿರೋ ಸೂಕ್ಷ್ಮಜೀವಿ ಗಾಳಿಯಲ್ಲಿರೋ ಸಾರಜನಕವನ್ನ ಹಿಡಿದು ಗಿಡಕ್ಕೆ ಕೊಡ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡ್ತದೆ. ಈ ಬೇರುಗಂಟನ್ನ ನೆನಪಲ್ಲಿ ಇಟ್ಕೊಳ್ಳಿ, ಕೊನೇಲಿ ಮತ್ತೆ ಬರ್ತದೆ.

ಕೊಳಚೆ ಗೊಬ್ಬರವಾಗಿದ್ದ ಕಾಲ

ಚಾಮರಾಜಪೇಟೆ ಬಡಾವಣೆ ಆದದ್ದು 1892ರಲ್ಲಿ. 1898ರಲ್ಲಿ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯಿಂದ ಜನರನ್ನ ಹೊರಗೆ ಕಳಿಸಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಮಾಡಿದ್ರು. ಊರು ಬೆಳೆದ ಹಾಗೆ ಕಸ, ಮಲ, ಕೊಳಚೆಯೂ ಬೆಳೀತು.

ಮಲ್ಲೇಶ್ವರದ ಪಕ್ಕದಲ್ಲೇ 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಶುರುವಾಯ್ತು. 1916ರಲ್ಲಿ ಅಲ್ಲಿಗೆ ಗಿಲ್ಬರ್ಟ್ ಫೌಲರ್ ಅನ್ನೋ ವಿಜ್ಞಾನಿ ಬಂದ್ರು. ಕೊಳಚೆಗೆ ಗಾಳಿ ಊದಿ, ಸೂಕ್ಷ್ಮಜೀವಿಗಳ ಕೈಲೇ ಅದನ್ನ ತಿನ್ನಿಸಿ ನೀರು ತಿಳಿ ಮಾಡೋ ವಿಧಾನ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹೊರಬಂತಲ್ಲ, ಅದರ ಹಿಂದೆ ಇದ್ದವರಲ್ಲಿ ಇವರೂ ಒಬ್ಬರು. ಇಲ್ಲಿ ಬಂದಮೇಲೂ ಕೊಳಚೆಯಿಂದ ಗೊಬ್ಬರ ಮಾಡೋದರ ಮೇಲೆ ಕೆಲಸ ಮಾಡಿದ್ರು. ಅದೇ ಸಂಸ್ಥೆಯಲ್ಲಿ 1939ರಲ್ಲಿ ಸಿ.ಎನ್. ಆಚಾರ್ಯ ಅವರು ಊರ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಆರೇಳು ತಿಂಗಳಲ್ಲಿ ಗೊಬ್ಬರ ಮಾಡೋ ಕ್ರಮ ತಂದ್ರು. ಕೃಷಿ ಪುಸ್ತಕಗಳಲ್ಲಿ ಇವತ್ತೂ ಅದರ ಹೆಸರು "ಬೆಂಗಳೂರು ಪದ್ಧತಿ".

ಆಗಿನ ಕೊಳಚೆ ಹೆಚ್ಚುಕಮ್ಮಿ ಸೂಕ್ಷ್ಮಜೀವಿ ತಿನ್ನೋ ಪದಾರ್ಥ. ಕೊಟ್ಟಿಗೆ ಗಂಜಲ, ಅಡುಗೆಮನೆ ನೀರು, ಸೊಪ್ಪುಸದೆ. ಹಾಗಾಗಿ ಆ ನೀರು ನಿಂತ ಕಡೆ ಗೋಡು ಚಿನ್ನದಂಗೆ ಇರ್ತಿತ್ತು. ಅಜ್ಜನ ಮಾತು ಹುಟ್ಟಿದ್ದು ಅಂಥ ಗೋಡನ್ನ ಕಂಡು.

ತಿನ್ನೋಕಾಗದ್ದು ಬಂತು

ಬೆಂಗಳೂರಲ್ಲಿ ಬಟ್ಟೆ ಗಿರಣಿಗಳು 1884ರ ಹೊತ್ತಿಗೇ ಬಂದಿದ್ವು. ಸ್ವಾತಂತ್ರ್ಯ ಬಂದಮೇಲೆ ರಾಜಾಜಿನಗರದ ಕೈಗಾರಿಕಾ ಬಡಾವಣೆ, 1970ರ ದಶಕದಿಂದ ಪೀಣ್ಯ. ಪೀಣ್ಯದ ಒಂದು ಮಗ್ಗುಲಿನ ನೀರು ಇಳಿಯೋದು ಇದೇ ಕಣಿವೆಗೆ. ಲೋಹಕ್ಕೆ ಹೊಳಪು ಲೇಪನ ಕೊಡೋ ಕೆಲಸದಲ್ಲಿ ಕ್ರೋಮಿಯಂ, ನಿಕ್ಕಲ್, ಸತು, ತಾಮ್ರ ಬಳಸ್ತಾರೆ. ಬ್ಯಾಟರಿ, ಬಣ್ಣದ ಕೆಲಸದಲ್ಲಿ ಸೀಸ, ಕ್ಯಾಡ್ಮಿಯಂ.

ಇಲ್ಲಿ ಒಂದು ಮಾತು ಸರಿಯಾಗಿ ತಿಳ್ಕೋಬೇಕು. ಮಲವನ್ನ ಸೂಕ್ಷ್ಮಜೀವಿ ತಿಂದು ಮುಗಿಸ್ತದೆ. ಲೋಹವನ್ನ ಯಾವ ಜೀವಿಯೂ ತಿಂದು ಮುಗಿಸೋಕೆ ಆಗಲ್ಲ. ಅದರ ರೂಪ ಬದಲಾಯಿಸಬಹುದು, ಕರಗದಂಗೆ ಕಟ್ಟಿಹಾಕಬಹುದು, ಅಷ್ಟೇ. ನೀರು ಎಲ್ಲಿ ನಿಧಾನ ಆಗ್ತದೋ ಅಲ್ಲಿ ಲೋಹ ಗೋಡಿನ ಜೊತೆ ತಳಕ್ಕೆ ಕೂರ್ತದೆ. 1940ರ ದಶಕದಲ್ಲಿ ನೀರಾವರಿಗೆ ಅಂತ ಕಟ್ಟಿದ ಬೈರಮಂಗಲ ಕೆರೆ ಊರಿನ ಲೋಹಕ್ಕೆಲ್ಲ ಬುಟ್ಟಿ ಹಿಡಿದ ಹಾಗಾಯ್ತು. ಅಚ್ಚುಕಟ್ಟಲ್ಲಿ ಭತ್ತ ಹೋಗಿ ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿ ಕಾರ್ನ್ ಬಂದದ್ದು ನಮಗೆಲ್ಲ ಗೊತ್ತಿರೋದೇ.

ಜೊಂಡಿನ ಬೇರು ಕಿತ್ತು ನೋಡಿ

ಈಗ ಹೊಳೆದಂಡೆಯ ಕಾಡು ಗಿಡಗಳಿಗೆ ಬರೋಣ. ನಾವು ಕಳೆ ಅಂತ ಬಯ್ಯೋ ಗಿಡಗಳು ಆ ಮಣ್ಣಲ್ಲಿ ದೊಡ್ಡ ಕೆಲಸ ಮಾಡ್ತಿವೆ.

ಜೊಂಡಿನ ಎಲೆಯನ್ನ ಅಡ್ಡ ಕುಯ್ದು ನೋಡಿ, ಒಳಗೆ ಸಾಲು ಸಾಲು ಗಾಳಿಯ ಕೋಣೆಗಳಿರ್ತವೆ. ಅದರ ಮೂಲಕ ಗಾಳಿ ಬೇರಿನ ತುದಿವರೆಗೂ ಇಳೀತದೆ. ಕೆಸರು ಕಪ್ಪಗೆ, ಕೊಳೆತ ಮೊಟ್ಟೆ ವಾಸನೆ ಇರ್ತದೆ. ಆದರೆ ಬೇರನ್ನ ಕಿತ್ತು ತೊಳೆದ್ರೆ ಮೇಲೆ ತುಕ್ಕಿನ ಬಣ್ಣದ ಪೊರೆ ಕಾಣ್ತದೆ. ಬೇರು ಸೋರಿಸೋ ಗಾಳಿಗೆ ಕೆಸರಲ್ಲಿ ಕರಗಿರೋ ಕಬ್ಬಿಣ ತುಕ್ಕಾಗ್ತದೆ, ಕಬ್ಬಿಣವನ್ನೇ ನಂಬಿ ಬದುಕೋ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡ್ಕೊಂಡು ಆ ಕೆಲಸ ಜೋರು ಮಾಡ್ತವೆ. ಆ ತುಕ್ಕಿನ ಪೊರೆ ಸತು, ಸೀಸ, ಆರ್ಸೆನಿಕ್ಕನ್ನ ಅಂಟಿಸಿಕೊಂಡು ಹಿಡಿದಿಡ್ತದೆ.

ಅದೇ ಬೇರಿನಿಂದ ಒಂದು ಬೆರಳಷ್ಟು ದೂರ ಹೋದ್ರೆ ಗಾಳಿ ಇಲ್ಲ. ಅಲ್ಲಿರೋದು ಬೇರೆ ಜಾತಿ ಬ್ಯಾಕ್ಟೀರಿಯಾ. ಅವು ಸತ್ತ ಬೇರು, ಕೊಳೆತ ಎಲೆ ತಿಂದು ಗಂಧಕದ ವಾಸನೆ ಬಿಡ್ತವೆ. ಆ ಗಂಧಕ ಕ್ಯಾಡ್ಮಿಯಂ, ಸೀಸ, ನಿಕ್ಕಲ್, ತಾಮ್ರವನ್ನ ಕರಗದ ಹರಳು ಮಾಡಿ ಕಟ್ಟಿಹಾಕ್ತದೆ. ನೀರಲ್ಲಿ ಸುಲಭವಾಗಿ ಕರಗೋ ವಿಷದ ಕ್ರೋಮಿಯಂ ಕೂಡ ಇಂಥ ಕೆಸರಲ್ಲಿ ಅಷ್ಟಾಗಿ ಓಡಾಡದ ರೂಪಕ್ಕೆ ತಿರುಗ್ತದೆ. ಒಂದೇ ಕೆಸರು, ಎರಡು ಥರದ ಜೀವಿಗಳ ಊರು. ಯಾವುದು ಎಲ್ಲಿರಬೇಕು ಅಂತ ಗೆರೆ ಎಳೆಯೋದು ಜೊಂಡಿನ ಬೇರು.

ದಂಡೆ ಮೇಲೆ ಒಣಗಿದ ಕಡೆ ಹರಳು, ಎಕ್ಕ, ಬಳ್ಳಾರಿ ಜಾಲಿ, ಹುಲ್ಲು. ಇವು ಬೇರಿನಿಂದ ಸಕ್ಕರೆ, ಹುಳಿ ಪದಾರ್ಥ ಬಿಡ್ತವೆ. ಅದನ್ನ ಉಣ್ಣೋಕೆ ಯಾವ ಜೀವಿ ಬರ್ತದೋ ಅದೇ ಆ ಮಣ್ಣಲ್ಲಿ ಹೆಚ್ಚಾಗ್ತದೆ. ಬೇರಿನ ಸುತ್ತಲಿನ ಮಣ್ಣೇ ಬೇರೆ ಲೋಕ ಅಂತ ಹೇಳಿ, ಅದಕ್ಕೆ ರೈಜೋಸ್ಫಿಯರ್ ಅಂತ ಹೆಸರಿಟ್ಟದ್ದು 1904ರಲ್ಲಿ ಜರ್ಮನಿಯ ಲೊರೆಂಜ್ ಹಿಲ್ಟ್‌ನರ್. ಆತನೂ ಬೇರುಗಂಟಿನ ಮೇಲೆ ಕೆಲಸ ಮಾಡಿದವನೇ. ಹುಲ್ಲು, ಜಾಲಿಯ ಬೇರಿಗೆ ಮೈಕೊರೈಜಾ ಶಿಲೀಂಧ್ರವೂ ಸೇರ್ತದೆ. ಅದರ ಎಳೆಗಳು ಎಷ್ಟೋ ಲೋಹವನ್ನ ತಾವೇ ಹಿಡ್ಕೊಂಡು ಗಿಡದ ಮೇಲ್ಭಾಗಕ್ಕೆ ಕಡಿಮೆ ಬಿಡ್ತವೆ. ಹರಿವೆ, ಪಾಲಕ್, ಸಾಸಿವೆ ಕುಟುಂಬದ ಗಿಡಗಳಿಗೆ ಸಾಮಾನ್ಯವಾಗಿ ಈ ಶಿಲೀಂಧ್ರದ ನೆಂಟಸ್ತಿಕೆ ಇಲ್ಲ. ಸೊಪ್ಪಿನಲ್ಲಿ ಕಾಳಿಗಿಂತ ಲೋಹ ಹೆಚ್ಚು ಸೇರೋದು ಬೇರೆ. ಕಾಲುವೆ ಪಕ್ಕ ತಾನಾಗಿ ಬೆಳೆಯೋ ಹೊನಗೊನೆ ಸೊಪ್ಪು ಹರಿವೆ ಕುಟುಂಬದ್ದೇ. ದಯವಿಟ್ಟು ಅಲ್ಲಿಂದ ಕಿತ್ತು ಸಾರು ಮಾಡಬೇಡಿ.

ನೀರಿಲ್ಲದ ಕಡೆ: ಕೋಲಾರದ ರಾಶಿ

ಗಿಡ ಇಲ್ಲದಿದ್ರೆ ಏನಾಗ್ತದೆ ಅಂತ ನೋಡೋಕೆ ಕೆಜಿಎಫ್‌ಗೆ ಹೋಗಬೇಕು. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಕಲ್ಲನ್ನ ಹಿಟ್ಟಿನಂಗೆ ಅರೆದು, ಸೈನೈಡಿನಲ್ಲಿ ಚಿನ್ನ ತೆಗೆದಮೇಲೆ ಉಳಿದ ಪುಡಿಯೇ ಅಲ್ಲಿನ ಸೈನೈಡ್ ಗುಡ್ಡ. 13 ರಾಶಿ, ಸುಮಾರು 3.3 ಕೋಟಿ ಟನ್. ಸೈನೈಡ್ ಬಿಸಿಲಿಗೆ, ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ನಿಧಾನಕ್ಕೆ ಒಡೆದು ಹೋಗ್ತದೆ. ಕಲ್ಲಿನೊಳಗಿದ್ದ ಲೋಹ ಅಲ್ಲೇ ಉಳೀತದೆ. ಆ ಪುಡಿಯಲ್ಲಿ ಕೊಳೆತ ಎಲೆಯಿಲ್ಲ, ಸಾರಜನಕ ಇಲ್ಲ, ನೀರು ನಿಲ್ಲಲ್ಲ. ಬೇಸಿಗೆ ಗಾಳಿಗೆ ಎದ್ದು ಊರ ಮೇಲೆ ಬೀಳ್ತದೆ. ಇಂಥ ರಾಶಿಯಲ್ಲಿ ಒಂದು ಹುಲ್ಲು ಬೇರು ಬಿಟ್ಟ ಕಡೆ ಮೊದಲು ಸೂಕ್ಷ್ಮಜೀವಿ, ಆಮೇಲೆ ಎಲೆಗೊಬ್ಬರ, ಆಮೇಲೆ ಇನ್ನೊಂದು ಗಿಡ. ಪುಡಿ ಮಣ್ಣಾಗೋದು ಹಾಗೆ, ಅದೂ ವರ್ಷಾನುಗಟ್ಟಲೆ ಹಿಡೀತದೆ.

ಹಿರಿಯರ ಪ್ರಶ್ನೆಗೆ ಉತ್ತರ

ಹೊಳೆ ಗೋಡು ತೆಗೆದು ಹೊಲಕ್ಕೆ ಹರಡಿದ್ರೆ ಏನಾಗ್ತದೆ? ನೀರಡಿಯಲ್ಲಿ ಗಂಧಕದ ಜೊತೆ ಕಟ್ಟಿಕೊಂಡಿದ್ದ ಲೋಹಕ್ಕೆ ಗಾಳಿ ತಾಗ್ತದೆ. ಗಂಧಕ ಹುಳಿಯಾಗ್ತದೆ, ಗಂಟು ಬಿಚ್ಚಿಕೊಳ್ತದೆ, ಕ್ಯಾಡ್ಮಿಯಂ, ಸತು, ನಿಕ್ಕಲ್ ಬೇರಿಗೆ ಸಿಗೋ ರೂಪಕ್ಕೆ ಬರ್ತವೆ. ನಮ್ಮ ಕೆಂಪು ಮಣ್ಣು ಮೊದಲೇ ಸ್ವಲ್ಪ ಹುಳಿ, ಮೇಲೆ ಯೂರಿಯಾ ಬೇರೆ ಹಾಕ್ತೀವಿ. ಜೊಂಡು, ಬ್ಯಾಕ್ಟೀರಿಯಾ ಸೇರಿ ವರ್ಷಗಟ್ಟಲೆ ಕಟ್ಟಿಹಾಕಿದ್ದನ್ನ ನಾವು ದುಡ್ಡು ಕೊಟ್ಟು ಬಿಚ್ಚಿದಂಗೆ ಆಗ್ತದೆ.

ಇಂಗ್ಲೆಂಡಿನ ವೋಬರ್ನ್ ಅನ್ನೋ ಕಡೆ 1942ರಿಂದ 1961ರವರೆಗೆ ಒಂದು ಪ್ರಯೋಗದ ಹೊಲಕ್ಕೆ ಊರ ಕೊಳಚೆಯ ಗಸಿ ಹಾಕಿದ್ರು. 1980ರ ದಶಕದಲ್ಲಿ, ಅಂದ್ರೆ ನಿಲ್ಲಿಸಿ 20 ವರ್ಷ ಆದಮೇಲೆ, ಅಲ್ಲಿ ಬಿಳಿ ಕ್ಲೋವರ್ ಅನ್ನೋ ಮೇವಿನ ಗಿಡದ ಬೇರುಗಂಟು ನೋಡಿದ್ರು. ಗಂಟು ಇತ್ತು, ಕೆಲಸ ಇರಲಿಲ್ಲ. ಸಾರಜನಕ ಹಿಡಿಯೋ ಒಳ್ಳೇ ರೈಜೋಬಿಯಂ ಲೋಹಕ್ಕೆ ಸತ್ತು, ಉಪಯೋಗಕ್ಕೆ ಬಾರದ ಒಂದು ಬಗೆ ಮಾತ್ರ ಉಳ್ಕೊಂಡಿತ್ತು. ಹೊಲ ಕಣ್ಣಿಗೆ ಹಸಿರಾಗೇ ಇತ್ತು.

ಕಡಲೆಕಾಯಿಯ ಬ್ಯಾಕ್ಟೀರಿಯಾ ಜಾತಿ ಬೇರೆ, ತಡೆದುಕೊಳ್ಳೋ ಶಕ್ತಿಯೂ ಬೇರೆ. ಆದರೂ ಎಚ್ಚರಿಕೆ ಅದೇ. ಹಿರಿಯರಿಗೆ ನಾನು ಹೇಳಿದ್ದು ಇಷ್ಟು:

ಒಂದು, ಪರೀಕ್ಷೆ ಆಗದ ಗೋಡು ಹೊಲಕ್ಕೆ ಬೇಡ. ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ತಾಮ್ರ, ಕಬ್ಬಿಣ ಬರ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಬರಲ್ಲ. ಲ್ಯಾಬಿನಲ್ಲಿ ಭಾರ ಲೋಹದ ಪರೀಕ್ಷೆ ಅಂತ ಬಾಯಿಬಿಟ್ಟು ಕೇಳಬೇಕು.

ಎರಡು, ಹೊಳೆ ನೀರು ಕುಡಿದ ಹೊಲದಲ್ಲಿ ಹೂ ಬಿಡೋ ಹೊತ್ತಿಗೆ ಕಡಲೆಕಾಯಿ, ಅಲಸಂದೆ ಗಿಡ ಮೆಲ್ಲಗೆ ಅಗೆದು ತೆಗೆದು ಬೇರುಗಂಟು ಕುಯ್ದು ನೋಡಿ. ಒಳಗೆ ಮಾಂಸದಂಗೆ ಕೆಂಪಾಗಿದ್ರೆ ಕೆಲಸ ನಡೀತಿದೆ. ಬೆಳ್ಳಗೆ, ಹಸಿರಾಗಿದ್ರೆ ಅನುಮಾನ ಪಡಿ. ಗಂಟೇ ಇಲ್ಲದಿದ್ರೆ ಕೊಳಚೆ ನೀರಲ್ಲಿ ಸಾರಜನಕ ಜಾಸ್ತಿ ಇರೋದೂ ಕಾರಣ ಆಗಿರಬಹುದು, ಗಿಡಕ್ಕೆ ಪುಕ್ಕಟೆ ಸಿಕ್ಕಿದ್ರೆ ಅದು ಗಂಟು ಕಟ್ಟಲ್ಲ. ಗಂಟು ಕೆಂಪಗಿದೆ ಅಂದಮಾತ್ರಕ್ಕೆ ಮಣ್ಣು ಶುದ್ಧ ಅಂತಲೂ ಅಲ್ಲ. ಇದು ಸುಳಿವು, ಸರ್ಟಿಫಿಕೇಟ್ ಅಲ್ಲ.

ಮೂರು, ದಂಡೆಯ ಜೊಂಡು, ಹರಳು ಕಿತ್ತು ಬೋಳು ಮಾಡಬೇಡಿ. ಕೊಯ್ದು ದನಕ್ಕೆ ಹಾಕೋದು, ಕಾಂಪೋಸ್ಟ್ ಗುಂಡಿಗೆ ಸೇರಿಸೋದೂ ಬೇಡ. ಬೆಂಗಳೂರು ಪದ್ಧತಿಯ ಗುಂಡಿಗೂ ಲೋಹ ಕರಗಿಸೋ ಶಕ್ತಿ ಇಲ್ಲ. ಗಿಡ ನೆಟ್ಟು ಮೂರು ವರ್ಷದಲ್ಲಿ ಲೋಹವೆಲ್ಲ ಎಳೆದುಬಿಡ್ತೀವಿ ಅನ್ನೋ ಮಾತನ್ನೂ ನಂಬಬೇಡಿ. ಗಿಡ ಚೆನ್ನಾಗಿ ಮಾಡೋ ಕೆಲಸ ಕಟ್ಟಿ ಇಡೋದು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಕಾಲದಲ್ಲಿ ಇದೇ ಹೊಳೇಲಿ ಎತ್ತು ತೊಳೀತಿದ್ವಿ ಕಣಪ್ಪ" ಅಂದ್ರು. ಗೋಡಿನ ಟ್ರ್ಯಾಕ್ಟರಿಗೆ ಬೇಡ ಅಂತ ಫೋನ್ ಮಾಡಿದ್ರು. ಮಾರನೇ ದಿನ ಒಂದು ಚೀಲದಲ್ಲಿ ಎರಡು ಕೆ.ಜಿ. ಗೋಡು ತಂದುಕೊಟ್ಟು, ಪರೀಕ್ಷೆಗೆ ಕಳಿಸು ಅಂದ್ರು. ಒಂದೊಂದು ಲೋಹಕ್ಕೂ ಬೇರೆ ಬೇರೆ ದುಡ್ಡು ಬೀಳ್ತದೆ. ಹೊಳೆ ಸಾಲಿನ ನಾಲ್ಕೈದು ಜನ ಸೇರಿದ್ರೆ ಖರ್ಚು ಹಂಚ್ಕೋಬಹುದು. ಬರೋರು ಮುಂದಿನ ಗುರುವಾರದೊಳಗೆ ನಿಮ್ಮ ಗದ್ದೆ ಮಣ್ಣನ್ನೂ ಬೇರೆ ಚೀಲದಲ್ಲಿ, ಹೆಸರು ಬರೆದು ತಂದುಕೊಡಿ.