ಜೊಲ್ಲಿನ ಲೋಳೆ ಮತ್ತು ಶರ್ಕರಶೃಂಖಲೆ

ಪಶುಗಳ ಜೊಲ್ಲು ಲೋಕಕ್ಕೆ ಹೇಸಿಗೆಯ ವಸ್ತು. ರಸಾಯನಶಾಸ್ತ್ರಕ್ಕೆ ಅದೊಂದು ಭಂಡಾರ. ಜೊಲ್ಲಿಗೆ ಅಂಟುತನವನ್ನೀಯುವ ಮ್ಯೂಸಿನ್, ಪ್ರೋಟೀನಿನ ಎಳೆಯೊಂದಕ್ಕೆ ನೂರಾರು ಶರ್ಕರಶೃಂಖಲೆಗಳು ತೊಡರಿಕೊಂಡ ದ್ರವ್ಯ. ಈ ಶೃಂಖಲೆಗಳ ರಚನೆಯನ್ನರಿಯುವುದು ಸುಲಭವಾಗಿರಲಿಲ್ಲ. ಪ್ರಬಲ ಆಮ್ಲದಲ್ಲಿ ಕುದಿಸಿದರೆ, ತಿಳಿಯಬೇಕಾದ ಶರ್ಕರವೇ ಹಾಳಾಗುತ್ತಿತ್ತು.

೧೯೩೬ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಗುನ್ನಾರ್ ಬ್ಲಿಕ್ಸ್ ಹಸುವಿನ ದವಡೆಯಡಿಯ ಗ್ರಂಥಿಯ ಮ್ಯೂಸಿನ್ನನ್ನು ಸೌಮ್ಯವಾಗಿ ಸಂಸ್ಕರಿಸಿ, ಅಪರಿಚಿತ ಆಮ್ಲವೊಂದನ್ನು ಹರಳಾಗಿ ಪಡೆದನು. ಮುಂದೆ ಗ್ರೀಕ್ ಭಾಷೆಯ ಜೊಲ್ಲಿನ ಪದದಿಂದ ಅದಕ್ಕೆ ಸಯಾಲಿಕ್ ಆಮ್ಲವೆಂಬ ಹೆಸರಾಯಿತು. ೧೯೪೧ರಲ್ಲಿ ಜರ್ಮನಿಯ ಎರ್ನ್‌ಸ್ಟ್ ಕ್ಲೆಂಕ್ ಮಿದುಳಿನ ಕೊಬ್ಬಿನಿಂದ ಪಡೆದ ವಸ್ತುವಿಗೆ ನ್ಯೂರಮಿನಿಕ್ ಆಮ್ಲವೆಂದು ಹೆಸರಿಟ್ಟನು. ಎರಡೂ ಒಂದೇ ಕುಲದವೆಂಬುದು ಆಗ ತಿಳಿದಿರಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ಜಾರ್ಜ್ ಹರ್ಸ್ಟ್, ಇನ್‌ಫ್ಲುಯೆಂಜಾ ವೈರಸ್ಸು ಕೋಳಿಯ ರಕ್ತಕಣಗಳನ್ನು ಗುಂಪುಗೂಡಿಸುವುದನ್ನು ಕಂಡನು. ಕೆಲಹೊತ್ತಿನ ಮೇಲೆ ವೈರಸ್ಸು ಕಳಚಿಕೊಳ್ಳುತ್ತಿತ್ತು. ಮತ್ತೆ ಆ ಕಣಗಳಿಗೆ ಅಂಟುತ್ತಿರಲಿಲ್ಲ. ಕಣದ ಮೇಲಿನ ಏನನ್ನೋ ಅದು ಕತ್ತರಿಸಿತ್ತು. ಆ ವಸ್ತುವಾವುದು?

ನಾಜಿಗಳ ಆಳ್ವಿಕೆಯಿಂದ ದೇಶ ಬಿಟ್ಟು ೧೯೩೯ರಲ್ಲಿ ಮೆಲ್ಬರ್ನ್ ಸೇರಿದ ಆಲ್‌ಫ್ರೆಡ್ ಗಾಟ್‌ಷಾಲ್ಕ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ವೈರಸ್ಸಿನ ಕಿಣ್ವವು ಬಿಡಿಸುವ ವಸ್ತು ಬ್ಲಿಕ್ಸ್ ಮತ್ತು ಕ್ಲೆಂಕರ ಆಮ್ಲಗಳ ಕುಲದ್ದೇ ಎಂಬುದು ಸಿದ್ಧವಾಯಿತು. ೧೯೫೭ರಲ್ಲಿ ಮೂವರೂ ಕೂಡಿ ಹೆಸರಿನ ತೊಡಕನ್ನು ಬಗೆಹರಿಸಿದರು: ಮೂಲದ್ರವ್ಯಕ್ಕೆ ಕ್ಲೆಂಕನ ಹೆಸರು, ಅದರ ಕುಲಕ್ಕೆಲ್ಲ ಬ್ಲಿಕ್ಸನ ಹೆಸರು. ಹಿರಿಮೆಯ ವಾದವಿಲ್ಲದೆ ಇಬ್ಬರ ಶ್ರಮವೂ ಉಳಿಯಿತು.

೧೯೬೦ರಲ್ಲಿ ಗ್ರಹಾಮನೊಡನೆ ಗಾಟ್‌ಷಾಲ್ಕ್ ಕುರಿಯ ಮ್ಯೂಸಿನ್ನಿನ ಶೃಂಖಲೆಯನ್ನು ನಿರ್ಣಯಿಸಿದನು. ಅದರಲ್ಲಿದ್ದುದು ಎರಡೇ ಕೊಂಡಿ: ಪ್ರೋಟೀನಿಗೆ ಹೊಂದಿದ ಅಸಿಟೈಲ್ ಗ್ಯಾಲಕ್ಟೊಸಮೀನ್, ಅದರ ಆರನೆಯ ಇಂಗಾಲಕ್ಕೆ ಸಯಾಲಿಕ್ ಆಮ್ಲ. ಆ ಆಮ್ಲವನ್ನು ಕಿತ್ತರೆ ಲೋಳೆಯ ಸ್ನಿಗ್ಧತೆಯೇ ಕುಗ್ಗುತ್ತಿತ್ತು.

ಆದರೆ ಕುರಿಯಲ್ಲಿ ಕಂಡುದು ಎಲ್ಲ ಪ್ರಾಣಿಗಳಿಗೂ ಪ್ರಮಾಣವಾಗಲಿಲ್ಲ. ೧೯೬೮ರಲ್ಲಿ ಅಮೆರಿಕದ ಡಾನ್ ಕಾರ್ಲ್‌ಸನ್ ಹಂದಿಯ ಮ್ಯೂಸಿನ್ನಿನಿಂದ ಶೃಂಖಲೆಗಳನ್ನು ಕ್ಷಾರದಿಂದ ಬಿಡಿಸಿದನು. ಬಿಡಿಸಿದವು ಮತ್ತೆ ಶಿಥಿಲವಾಗದಂತೆ ಬೋರೊಹೈಡ್ರೈಡನ್ನು ಬೆರೆಸಿದನು. ಅಲ್ಲಿ ಐದು ಕೊಂಡಿಗಳ ಶೃಂಖಲೆಯೂ ದೊರೆಯಿತು. ‘ಎ’ ರಕ್ತಗುಂಪಿನ ಲಕ್ಷಣವುಳ್ಳ ಹಂದಿಗಳಲ್ಲಿ ತುದಿಗೆ ಗ್ಯಾಲಕ್ಟೊಸಮೀನ್ ಇತ್ತು. ಆ ಲಕ್ಷಣವಿಲ್ಲದವುಗಳಲ್ಲಿ ಅದಿರಲಿಲ್ಲ. ಒಂದೇ ಜಾತಿಯೊಳಗೂ ರಚನೆ ಭಿನ್ನವಾಗಿತ್ತು.

೧೯೮೩ರಲ್ಲಿ ಆಸ್ಟ್ರೇಲಿಯದಲ್ಲಿ ವೈರಸ್ಸಿನ ಆ ಕಿಣ್ವದ ಆಕಾರವೇ ಬೆಳಕಿಗೆ ಬಂದಿತು. ಅದನ್ನು ತಡೆಯಲು ಸಯಾಲಿಕ್ ಆಮ್ಲದ ಮಾದರಿಯಲ್ಲಿ ರಚಿತವಾದ ಜನಾಮಿವಿರ್ ಔಷಧ ೧೯೯೯ರಲ್ಲಿ ರೋಗಿಗಳ ಬಳಕೆಗೆ ಬಂದಿತು. ಉಪ್ಸಲಾದ ಹರಳಿನಿಂದ ಅಲ್ಲಿಯವರೆಗೆ ಅರುವತ್ತಮೂರು ವರ್ಷ. ಜೊಲ್ಲನ್ನು ಹೇಸದೆ ನೋಡಿದ ಕಣ್ಣುಗಳ ಋಣ ಆ ಔಷಧದಲ್ಲಿದೆ.