ಏಳು ಸಮುದ್ರದಾಚೆಯ ಯಜಮಾನ

ಚಾಕರಿ ಮಾಡುವವನಿಗೆ ಯಜಮಾನನ ಮುಖ ಅಪರೂಪಕ್ಕಾದರೂ ಕಾಣಬೇಕು. ಕಾಣದಷ್ಟು ದೂರದಲ್ಲಿ ಆತನಿದ್ದರೆ ಕೆಲಸಗಾರನ ಪಾಡು ಏನಾದೀತೆಂಬುದಕ್ಕೆ ನಮ್ಮ ಮೈಸೂರು ಸೀಮೆಯ ಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ನಾಡಿನ ಎಲ್ಲೆಕಟ್ಟು, ಕೆರೆ, ದಾರಿ ಯಾವುವೂ ಕಂಪನಿಯವರಿಗೆ ಸರಿಯಾಗಿ ತಿಳಿಯದು. ಅಳೆದು ನಕ್ಷೆ ಬರೆಯುವ ಹೊಣೆ ಕಾಲಿನ್ ಮೆಕೆಂಜಿಯ ಹೆಗಲಿಗೆ ಬಿತ್ತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ, 1783ರಲ್ಲಿ ಮದ್ರಾಸಿಗೆ ಬಂದಿಳಿದ ಎಂಜಿನಿಯರ್ ಈತ. ಬರಿಯ ನಕ್ಷೆಯಿಂದ ಆತನಿಗೆ ತೃಪ್ತಿಯಿಲ್ಲ. ಶಾಸನ, ಕೈಫಿಯತ್ತು, ಹಳೆಯ ಓಲೆಗರಿ, ಎಲ್ಲವೂ ಬೇಕು. ಗಿಡಮರಗಳ ಪರಿಶೀಲನೆಗೆ ಹೇನ್ ಎಂಬ ವೈದ್ಯನೂ ಜೊತೆಗಿದ್ದ.

ಕೆಲಸ ಹೊರಟಿತು, ಹಿಂದೆಯೇ ಲಂಡನ್ನಿನಿಂದ ಮಿತವ್ಯಯದ ಆಜ್ಞೆಯೂ ಹೊರಟಿತು. ಅಳತೆ ನಡುವಿನಲ್ಲಿರುವಾಗಲೇ ಭತ್ಯ ಇಳಿಯಿತು, ಸಿಬ್ಬಂದಿ ತಗ್ಗಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ನಮ್ಮ ಗಾದೆ. ಇಲ್ಲಿ ಪೂಜಾರಿ ಕೊಟ್ಟದ್ದನ್ನು ದೇವರೇ ಕಿತ್ತುಕೊಂಡ! ಮೊರೆಯಿಡೋಣವೆಂದರೆ ಹಡಗು ಆಫ್ರಿಕವನ್ನು ಸುತ್ತಿಕೊಂಡು ಹೋಗಬೇಕು; ಕಾಗದ ತಲುಪಿ ಉತ್ತರ ಬರುವಷ್ಟರಲ್ಲಿ ವರುಷವೇ ಕಳೆಯುತ್ತಿತ್ತು. ಕಾಡುಜ್ವರ ಮಾತ್ರ ಯಾರ ಅಪ್ಪಣೆಗೂ ಕಾಯದು. ಅದು ಮೆಕೆಂಜಿಯನ್ನೂ ಆತನ ಸಹಾಯಕರನ್ನೂ ಹಣ್ಣುಮಾಡಿತು.

ಆದರೂ ಆತ ಕೈಬಿಡಲಿಲ್ಲ. ಆತನಿಗೆ ನಮ್ಮ ಭಾಷೆಗಳು ಬಾರವು. ಕಣ್ಣು, ಕಿವಿ, ನಾಲಗೆಯಾಗಿದ್ದವನು ಕಾವಲಿ ವೆಂಕಟ ಬೋರಯ್ಯನೆಂಬ ತೆಲುಗು ತರುಣ. 1803ರಲ್ಲಿ ಆತ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ನಿಂತ. 1804ರಲ್ಲಿ ಕನಕಗಿರಿಯ ದೇವಚಂದ್ರ ಪಂಡಿತನಿಗೆ ಮೆಕೆಂಜಿಯ ಭೇಟಿಯಾಯಿತು. ಮುಂದೆ ಆತ ಬರೆದ ‘ರಾಜಾವಳೀ ಕಥೆ’ಗೆ ಈ ಭೇಟಿಯೂ ಒಂದು ಪ್ರೇರಣೆ.

ಸುಮಾರು 40,000 ಚದರ ಮೈಲಿಗಳ ಅಳತೆ ಮುಗಿದು, ನಕ್ಷೆಗಳೂ ವರದಿಯ ದಪ್ಪ ಸಂಪುಟಗಳೂ ಸಮುದ್ರ ದಾಟಿದ ಮೇಲೆ, 1810ರಲ್ಲಿ ಡೈರೆಕ್ಟರರು ಮೆಚ್ಚುಗೆಯ ಕಾಗದ ಬರೆದರು. 1815ರಲ್ಲಿ ಮೆಕೆಂಜಿ ಭಾರತದ ಸರ್ವೇಯರ್ ಜನರಲ್ ಆದ. ಆದರೆ ಕೂಡಿಹಾಕಿದ್ದನ್ನೆಲ್ಲ ವಿಂಗಡಿಸಿ ಗ್ರಂಥವಾಗಿಸುವ ಬಿಡುವು ಸಿಗಲೇ ಇಲ್ಲ. 1821ರ ಮೇ 8ರಂದು ಬಂಗಾಳದಲ್ಲಿ ತೀರಿಕೊಂಡ. ಹುಟ್ಟಿದ ದ್ವೀಪವನ್ನು ಮತ್ತೆ ಕಾಣಲಿಲ್ಲ. ಸ್ವಂತ ಹಣ ಸುರಿದು ಕೂಡಿಸಿದ ಆ ಭಂಡಾರಕ್ಕೆ ಕಂಪನಿ ಆತನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟಿತು.

ಇಷ್ಟಕ್ಕೇ ಮುಗಿದಿದ್ದರೆ ಕಥೆ ಸುಖಾಂತವೆನ್ನಬಹುದಿತ್ತು. ಉಳಿದವನು ಲಕ್ಷ್ಮಯ್ಯ. ಭಂಡಾರದ ಒಳಹೊರಗು ಅವನಷ್ಟು ಬಲ್ಲವರು ಇನ್ನಾರಿದ್ದರು? ಅರ್ಧಕ್ಕೆ ನಿಂತ ಕೆಲಸವನ್ನು ತಾನು ಮುಂದುವರಿಸುವೆನೆಂದು 1830ರ ದಶಕದಲ್ಲಿ ಆತ ಅರಿಕೆ ಮಾಡಿಕೊಂಡ. ಅರ್ಜಿಯನ್ನು ತೂಗಿದವರು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯವರು. ಅಶೋಕನ ಲಿಪಿಯನ್ನು ಓದಿದನೆಂದು ನಾವು ಕೊಂಡಾಡುವ ಜೇಮ್ಸ್ ಪ್ರಿನ್ಸೆಪನೇ, ಇಂಥ ಹೊಣೆಗೆ ಲಕ್ಷ್ಮಯ್ಯನ ಯೋಗ್ಯತೆ ಸಾಲದೆಂದ. ಓಲೆಗಳ ಪರಿಶೀಲನೆ ಪಾದ್ರಿ ವಿಲಿಯಂ ಟೇಲರನ ಪಾಲಾಯಿತು.

ಮೆಕೆಂಜಿಗಾದರೂ ಪದವಿ ದೊರೆಯಿತು, ಹೆಸರು ದೊರೆಯಿತು. ಊರೂರು ಅಲೆದು ಓಲೆಯ ಧೂಳು ಕೊಡವಿದ ಲಕ್ಷ್ಮಯ್ಯನಿಗೆ ದೊರೆತದ್ದು ಇಲ್ಲವೆಂಬ ಉತ್ತರ. ಲಂಡನ್ನು ದೂರವಿದ್ದುದರಿಂದ ಮೆಕೆಂಜಿಯ ಕಷ್ಟ ಅಲ್ಲಿಗೆ ಕಾಣಲಿಲ್ಲವೆನ್ನೋಣ. ಕಲ್ಕತ್ತೆ ಅಷ್ಟು ದೂರವಿರಲಿಲ್ಲ. ಆ ದೂರವನ್ನು ಮೈಲಿಯಲ್ಲಿ ಅಳೆಯುವಂತಿರಲಿಲ್ಲ.